ಪರದೆಯ ವ್ಯಸನಿಗೆ ಕಣ್ಣೀರು, ನೆರೆಮನೆಯ ವ್ಯಸನಿಗೆ ಬಹಿಷ್ಕಾರವೇ?

ನಾವೊಂದು ಟಿ.ವಿ. ಧಾರಾವಾಹಿಯ ಕಟ್ಟಾ ಅಭಿಮಾನಿಗಳೆಂದು ಒಪ್ಪಿಕೊಂಡರೆ ಈ ಪುಟದ ಓದುಗರಲ್ಲಿ ಕೆಲವರಿಗೆ ಅಚ್ಚರಿಯಾದೀತು, ಇನ್ನು ಕೆಲವರಿಗೆ ಬೇಸರವೂ ಆದೀತು. ಮದ್ರಸಾದ ಚಾಪೆಯ ಮೇಲೆ ಕುಳಿತು ಹದೀಸ್ ಕಲಿತವರು ಇಶಾ ನಮಾಝಿನ ಬಳಿಕ ಅಮೆರಿಕದ ಮಾದಕ ವಸ್ತು ದಂಧೆಯ ಕಥೆಯೊಂದನ್ನು ಕಂತಿನ ಮೇಲೆ ಕಂತು ನೋಡುತ್ತಾ ಕೂರುವುದೆಂದರೇನು? ಈ ಪ್ರಶ್ನೆಯನ್ನು ನಾವು ನಮಗೇ ಹಲವು ಬಾರಿ ಹಾಕಿಕೊಂಡಿದ್ದೇವೆ. ಆದರೆ ಅದಕ್ಕಿಂತಲೂ ಗಂಭೀರವಾದ ಇನ್ನೊಂದು ಪ್ರಶ್ನೆಯನ್ನು ಆ ಧಾರಾವಾಹಿಯೇ ನಮ್ಮ ಮುಂದಿಟ್ಟಿತು. ಆ ಪ್ರಶ್ನೆ ನಮ್ಮೊಬ್ಬರದ್ದಲ್ಲ, ನಮ್ಮ ಎಲ್ಲ ಮೊಹಲ್ಲಾಗಳದ್ದು. ಆದ್ದರಿಂದಲೇ ಈ ಬರಹ.

ಧಾರಾವಾಹಿಯ ಹೆಸರು 'ದಿ ವೈರ್'. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಐದು ಭಾಗಗಳಲ್ಲಿ, ಒಟ್ಟು 60 ಕಂತುಗಳಾಗಿ ಪ್ರಸಾರವಾಯಿತು. ಕಥೆ ನಡೆಯುವುದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಇದನ್ನು ರೂಪಿಸಿದ ಡೇವಿಡ್ ಸೈಮನ್ ಅದೇ ನಗರದ 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಪೊಲೀಸ್ ವರದಿಗಾರರಾಗಿದ್ದವರು. ಅವರ ಜೊತೆಗಾರ ಎಡ್ ಬರ್ನ್ಸ್ ಅದೇ ನಗರದ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿದ್ದು, ನಿವೃತ್ತಿಯ ಬಳಿಕ ಸರಕಾರಿ ಶಾಲೆಯ ಶಿಕ್ಷಕರಾದವರು. ಕಲ್ಪನೆಯಿಂದ ಹುಟ್ಟಿದ ಪಾತ್ರಗಳಾದರೂ ಅವುಗಳ ಹಿಂದೆ ಈ ಇಬ್ಬರು ಕಣ್ಣಾರೆ ಕಂಡ ಬದುಕಿದೆ. ಇಷ್ಟಾಗಿಯೂ ಆ ದೇಶದ ದೊಡ್ಡ ಟಿ.ವಿ. ಪ್ರಶಸ್ತಿಯಾದ ಎಮ್ಮಿ ಇದಕ್ಕೆ ಒಮ್ಮೆಯೂ ದೊರೆಯಲಿಲ್ಲ. 2008ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುತ್ತಿದ್ದ ಬರಾಕ್ ಒಬಾಮಾ ಇದು ತನ್ನ ಮೆಚ್ಚಿನ ಧಾರಾವಾಹಿಯೆಂದು ಹೇಳಿದ್ದರು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಕುಟುಂಬದೊಂದಿಗೆ ಕುಳಿತು ನೋಡುವಂತಹ ಧಾರಾವಾಹಿಯಲ್ಲ. ಅದರ ಭಾಷೆ ಒರಟು. ನಮ್ಮ ಕಣ್ಣನ್ನು ತಗ್ಗಿಸಬೇಕಾದ, ದೃಶ್ಯವನ್ನು ದಾಟಿಸಬೇಕಾದ ಸಂದರ್ಭಗಳು ಅದರಲ್ಲಿವೆ. ರಾತ್ರಿ ಮೂರು ಕಂತು ನೋಡಿ ಫಜ್ರ್‌ಗೆ ಏಳಲಾಗದೆ ನಾಚಿಕೆಪಟ್ಟ ದಿನಗಳೂ ನಮ್ಮ ಲೆಕ್ಕದಲ್ಲಿವೆ. ಅಭಿಮಾನವೆಂಬುದು ಕೂಡ ಒಂದು ಬಗೆಯ ವ್ಯಸನವೇ ಎಂಬುದನ್ನು ವ್ಯಸನದ ಬಗ್ಗೆ ಬರೆಯುವಾಗ ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದ್ದರಿಂದ ಎಲ್ಲರೂ ಇದನ್ನು ನೋಡಿರೆಂದು ನಾವು ಕರೆ ಕೊಡುತ್ತಿಲ್ಲ. ನೋಡಿದ್ದರಿಂದ ನಮಗೆ ಅರಿವಾದುದನ್ನು ಮಾತ್ರ ಹೇಳುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ಅಪರಾಧ ಧಾರಾವಾಹಿಗಳಿಗೆ ಕೊರತೆಯೇನಿಲ್ಲ. 1998ರಲ್ಲಿ ಆರಂಭವಾದ 'ಸಿಐಡಿ'ಯನ್ನು ನೋಡುತ್ತಲೇ ಒಂದು ಇಡೀ ತಲೆಮಾರು ಬೆಳೆಯಿತು. ಅದರಲ್ಲಿ ಅಧಿಕಾರಿ ಬಾಗಿಲು ಮುರಿಯುತ್ತಾನೆ, ಶಂಕಿತನ ಕೆನ್ನೆಗೆ ಹೊಡೆಯುತ್ತಾನೆ, ಆತ ತಪ್ಪೊಪ್ಪಿಕೊಳ್ಳುತ್ತಾನೆ. ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಹಿರಿಯ ಅಧಿಕಾರಿ ಗಲ್ಲುಶಿಕ್ಷೆಯನ್ನು ಘೋಷಿಸಿಬಿಡುತ್ತಾನೆ. ನಮ್ಮ ಕನ್ನಡ ವಾಹಿನಿಗಳ ರಾತ್ರಿಯ ಅಪರಾಧ ಕಾರ್ಯಕ್ರಮಗಳೂ ಬಹುತೇಕ ಇದೇ ಜಾಡಿನವು. ಪೊಲೀಸರು ಹಿಡಿದವನೇ ಅಪರಾಧಿ, ಹೊಡೆತವೇ ತನಿಖೆ, ಕಂತು ಮುಗಿಯುವುದರೊಳಗೆ ನ್ಯಾಯ. ಈ ಮೂರು ಪಾಠಗಳನ್ನು ನಮ್ಮ ಮಕ್ಕಳು ಊಟದ ತಟ್ಟೆ ಹಿಡಿದುಕೊಂಡೇ ಕಲಿಯುತ್ತಾರೆ.

'ದಿ ವೈರ್' ಈ ಮೂರನ್ನೂ ನಿರಾಕರಿಸುತ್ತದೆ. ಅಲ್ಲಿ ಒಂದು ಪ್ರಕರಣ ಮುಗಿಯಲು ಹದಿಮೂರು ಕಂತುಗಳು ಬೇಕು, ಮುಗಿದರೂ ಯಾವುದೂ ಬಗೆಹರಿಯುವುದಿಲ್ಲ. ದಂಧೆಯ ಒಡೆಯ ಜೈಲಿಗೆ ಹೋದರೆ ಮರುದಿನವೇ ಆ ಮೂಲೆಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಮೊದಲ ಭಾಗ ದಂಧೆಕೋರರನ್ನೂ ಪೊಲೀಸರನ್ನೂ ಎದುರುಬದುರು ನಿಲ್ಲಿಸಿದರೆ, ಎರಡನೆಯದು ಕೆಲಸ ಕಳೆದುಕೊಳ್ಳುತ್ತಿರುವ ಬಂದರು ಕಾರ್ಮಿಕರ ಕಡೆಗೆ, ಮೂರನೆಯದು ನಗರಾಡಳಿತದ ಕಡೆಗೆ, ನಾಲ್ಕನೆಯದು ಶಾಲೆಯ ಕಡೆಗೆ, ಐದನೆಯದು ಪತ್ರಿಕಾ ಕಚೇರಿಯ ಕಡೆಗೆ ತಿರುಗುತ್ತದೆ. ಒಬ್ಬ ಹುಡುಗ ರಸ್ತೆಯ ಮೂಲೆಯಲ್ಲಿ ನಿಂತು ವಿಷ ಮಾರುವುದಕ್ಕೆ ಅವನೊಬ್ಬನ ದುಷ್ಟತನ ಮಾತ್ರ ಕಾರಣವಲ್ಲ, ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ ಸಂಸ್ಥೆಗಳು ಇವು ಎಂದು ಅದು ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ.

ಈ ಎಲ್ಲ ಸಂಸ್ಥೆಗಳಿಗೆ ಅಂಟಿರುವ ರೋಗ ಒಂದೇ: ಅಂಕಿಸಂಖ್ಯೆ. ಪೊಲೀಸ್ ಮುಖ್ಯಸ್ಥರ ಸಭೆಯಲ್ಲಿ ಅಪರಾಧ ಪ್ರಮಾಣ ಇಳಿಯಲೇಬೇಕೆಂಬ ಆಜ್ಞೆ ಹೊರಡುತ್ತದೆ. ಅಪರಾಧವನ್ನು ಇಳಿಸುವುದು ಕಷ್ಟ, ಕಾಗದದ ಮೇಲಿನ ಸಂಖ್ಯೆಯನ್ನು ಇಳಿಸುವುದು ಸುಲಭ. ಆದ್ದರಿಂದ ಗಂಭೀರ ಹಲ್ಲೆ ಸಾಮಾನ್ಯ ಹಲ್ಲೆಯಾಗಿ ದಾಖಲಾಗುತ್ತದೆ, ಬೀದಿಬದಿಯ ಚಿಲ್ಲರೆ ಬಂಧನಗಳು ಸಾಧನೆಯಾಗುತ್ತವೆ. ಪೊಲೀಸ್ ಕೆಲಸ ಬಿಟ್ಟು ಶಾಲಾ ಶಿಕ್ಷಕನಾದ ಪ್ರಿಝ್ಬಿಲೆವ್ಸ್ಕಿ ಎಂಬ ಪಾತ್ರ ಅಲ್ಲಿಯೂ ಅದನ್ನೇ ಕಾಣುತ್ತದೆ. ಮಕ್ಕಳು ಕಲಿತರೇ ಎಂಬುದು ಮುಖ್ಯವಲ್ಲ, ಪರೀಕ್ಷೆಯ ಸರಾಸರಿ ಏರಿತೇ ಎಂಬುದು ಮುಖ್ಯ. ಕೊನೆಯ ಭಾಗದಲ್ಲಿ ಇದು ಪರಾಕಾಷ್ಠೆ ತಲಪುತ್ತದೆ. ಪಾಳುಬಿದ್ದ ಮನೆಗಳೊಳಗೆ 22 ಮಂದಿಯ ಶವಗಳು ದೊರೆತರೂ ಅದರ ತನಿಖೆಗೆ ನಗರಾಡಳಿತದ ಬಳಿ ಹಣವಿಲ್ಲ, ಏಕೆಂದರೆ ಸತ್ತವರು ಬಡವರು. ಆಗ ಮೆಕ್‌ನಲ್ಟಿ ಎಂಬ ಪತ್ತೇದಾರ ಇಲ್ಲದ ಸರಣಿ ಹಂತಕನೊಬ್ಬನನ್ನು ಸೃಷ್ಟಿಸುತ್ತಾನೆ. ಪತ್ರಿಕೆಯ ವರದಿಗಾರನೊಬ್ಬ ಆ ಸುಳ್ಳಿಗೆ ತನ್ನದೊಂದು ಸುಳ್ಳನ್ನು ಸೇರಿಸುತ್ತಾನೆ. ನಗರಾಡಳಿತದ ಬೊಕ್ಕಸ ತೆರೆಯುತ್ತದೆ. ಸುಳ್ಳು ಬರೆದವನಿಗೆ ಪುಲಿಟ್ಝರ್ ಪ್ರಶಸ್ತಿ, ಅದನ್ನು ಪ್ರಶ್ನಿಸಿದ ಸಂಪಾದಕನಿಗೆ ಹಿಂಬಡ್ತಿ.

ಇದನ್ನೆಲ್ಲ ನೋಡುವಾಗ ಈ ದೇಶದ ಮುಸ್ಲಿಮನಿಗೆ ಏನನಿಸಬಹುದು? ನಮಗೂ ಅದೇ ಅನಿಸಿತು. 2002ರ ಅಕ್ಷರಧಾಮ ದಾಳಿ ಪ್ರಕರಣ ನೆನಪಾಯಿತು. ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಆರು ಮಂದಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 16ರಂದು ದೋಷಮುಕ್ತಗೊಳಿಸಿತು. ಅವರಲ್ಲಿ ಮೂವರು ಗಲ್ಲುಶಿಕ್ಷೆಯ ನೆರಳಿನಲ್ಲಿ ವರ್ಷಗಳನ್ನು ಕಳೆದಿದ್ದರು. ಬಂಧನವಾದಾಗ ಮುಖಪುಟದಲ್ಲಿ ಬಂದ ಸುದ್ದಿ, ಬಿಡುಗಡೆಯಾದಾಗ ಎಷ್ಟು ಪತ್ರಿಕೆಗಳ ಮುಖಪುಟದಲ್ಲಿ ಬಂತು? ಅಂದು ಲೋಕಸಭಾ ಚುನಾವಣೆಯ ಫಲಿತಾಂಶದ ದಿನ. ಆ ಬಿಡುಗಡೆ ಆ ಗದ್ದಲದಲ್ಲಿ ಮುಳುಗಿಹೋಯಿತು. ದುಷ್ಕರ್ಮಿಯೊಬ್ಬ ಸುದ್ದಿ ತಂದರೆ ಪರಿಶೀಲಿಸಿಕೊಳ್ಳಿರಿ, ಅರಿಯದೆ ಒಂದು ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪಪಡುವಂತಾಗದಿರಲಿ ಎಂಬ ಆಶಯದ ಪವಿತ್ರ ಕುರ್‌ಆನಿನ ಸೂಕ್ತವನ್ನು (49:6) ನಾವು ಮಾಧ್ಯಮದವರಿಗೆ ಎಷ್ಟು ಬಾರಿ ನೆನಪಿಸಿಲ್ಲ? ಪ್ರತಿ ಕಂತು ಮುಗಿದಾಗಲೂ ನಾವು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆವು: ನೋಡಿ, ನಮ್ಮ ವಿಷಯದಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವೇ?

ಆ ದೂರು ಸುಳ್ಳಲ್ಲ. ಆದರೆ ಇತರರ ಮುಂದೆ ಹಿಡಿಯುವಾಗ ಸಂತೋಷ ಕೊಡುವ ಕನ್ನಡಿ ನಮ್ಮ ಕಡೆಗೆ ತಿರುಗಿದಾಗ ಏನಾಗುತ್ತದೆ?

ಧಾರಾವಾಹಿಯಲ್ಲಿ ಬಬಲ್ಸ್ ಎಂಬ ಪಾತ್ರವೊಂದಿದೆ. ಹೆರಾಯಿನ್ ವ್ಯಸನಿ. ಹರಕು ಬಟ್ಟೆ ತೊಟ್ಟು, ಗುಜರಿ ಸಾಮಾನು ಹೆಕ್ಕುತ್ತಾ, ಕದಿಯುತ್ತಾ, ಪೊಲೀಸರಿಗೆ ಮಾಹಿತಿ ಕೊಟ್ಟು ಹತ್ತಿಪ್ಪತ್ತು ಡಾಲರ್ ಪಡೆಯುತ್ತಾ ಬದುಕುವವನು. ಚುರುಕು ಬುದ್ಧಿ, ಮಾತಿನಲ್ಲಿ ಹಾಸ್ಯ, ಮನಸ್ಸಿನಲ್ಲಿ ಮಮತೆ. ನಾಲ್ಕನೆಯ ಭಾಗದಲ್ಲಿ ತಾನು ಸಾಕುತ್ತಿದ್ದ ಅನಾಥ ಹುಡುಗನ ಸಾವಿಗೆ ಅವನೇ ಕಾರಣನಾಗಿಬಿಡುತ್ತಾನೆ. ತನ್ನನ್ನು ಪೀಡಿಸುತ್ತಿದ್ದವನಿಗಾಗಿ ಸಿದ್ಧಪಡಿಸಿದ ವಿಷ ಬೆರೆತ ಮಾದಕವನ್ನು ಆ ಹುಡುಗ ತಿಳಿಯದೆ ಸೇವಿಸಿರುತ್ತಾನೆ. ಬಬಲ್ಸ್ ಠಾಣೆಗೆ ಬಂದು ತಪ್ಪೊಪ್ಪಿಕೊಳ್ಳುತ್ತಾನೆ, ವಿಚಾರಣಾ ಕೊಠಡಿಯಲ್ಲೇ ನೇಣು ಹಾಕಿಕೊಳ್ಳಲು ಯತ್ನಿಸುತ್ತಾನೆ. ಅಲ್ಲಿನ ಸಾರ್ಜೆಂಟ್ ಜೀವನವಿಡೀ ಬಗೆಹರಿದ ಪ್ರಕರಣಗಳ ಸಂಖ್ಯೆಯನ್ನೇ ಎಣಿಸಿದವನು. ಕೈಗೆ ತಾನಾಗಿ ಬಂದ ಪ್ರಕರಣವೊಂದು ಎದುರಿಗಿದೆ. ಆದರೂ ಆತ ಅದನ್ನು ಬಿಟ್ಟುಕೊಟ್ಟು ಬಬಲ್ಸ್‌ನನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸುತ್ತಾನೆ. ಅರುವತ್ತು ಕಂತುಗಳಲ್ಲಿ ಸಂಖ್ಯೆಯ ಎದುರು ಮನುಷ್ಯ ಗೆಲ್ಲುವ ಕೆಲವೇ ಗಳಿಗೆಗಳಲ್ಲಿ ಅದೊಂದು.

ಐದನೆಯ ಭಾಗದಲ್ಲಿ ಬಬಲ್ಸ್ ವ್ಯಸನ ಬಿಟ್ಟಿದ್ದಾನೆ, ಪತ್ರಿಕೆ ಮಾರಿ ಬದುಕುತ್ತಿದ್ದಾನೆ. ವಾಸ ಅಕ್ಕ-ತಂಗಿಯರಲ್ಲಿ ಒಬ್ಬಳ ಮನೆಯ ನೆಲಮಾಳಿಗೆಯಲ್ಲಿ. ಮೇಲಿನ ಮನೆಗೆ ಹೋಗುವ ಮೆಟ್ಟಿಲ ತುದಿಯಲ್ಲಿ ಒಂದು ಬಾಗಿಲಿದೆ. ಅದಕ್ಕೆ ಆ ಬದಿಯಿಂದ ಚಿಲಕ. ಆಕೆ ಕ್ರೂರಿಯಲ್ಲ. ಅವನಿಂದ ಬಹಳ ಬಾರಿ ಮೋಸ ಹೋದವಳು. ಅವಳ ಭಯಕ್ಕೆ ಕಾರಣವಿದೆ. ಕೊನೆಯ ಕಂತಿನ ಕೊನೆಯ ಕೆಲವು ನಿಮಿಷಗಳಲ್ಲಿ, ಬೇರೆಲ್ಲ ಪಾತ್ರಗಳ ಬದುಕು ಮತ್ತೆ ಹಳೆಯ ಚಕ್ರಕ್ಕೆ ಸಿಲುಕುತ್ತಿರುವಾಗ, ಬಬಲ್ಸ್ ಆ ಮೆಟ್ಟಿಲುಗಳನ್ನು ಹತ್ತುತ್ತಾನೆ. ಬಾಗಿಲು ತೆರೆದಿದೆ. ಆತ ಊಟದ ಮೇಜಿನ ಬಳಿ ಮನೆಯವರ ಜೊತೆ ಕುಳಿತುಕೊಳ್ಳುತ್ತಾನೆ. ಮಾತಿಲ್ಲ. ನಾವು ಅತ್ತುಬಿಟ್ಟೆವು.

ನಾವು ಆ ದೃಶ್ಯ ನೋಡಿದ ರಾತ್ರಿ ಎಂತಹದ್ದು ಎಂಬುದನ್ನೂ ಹೇಳಬೇಕು. ಅಂದು ಇಶಾದ ಬಳಿಕ ನಮ್ಮ ಮೊಹಲ್ಲಾದ ಜಮಾಅತ್ ಕಮಿಟಿಯ ತುರ್ತು ಸಭೆಯಿತ್ತು. ಇದು ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ ಇಪ್ಪತ್ತರ ಹರೆಯದ ಯುವಕನೊಬ್ಬ ಗಾಂಜಾ ಪೊಟ್ಟಣದೊಂದಿಗೆ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಸಿಕ್ಕಿದ್ದು ಅಂಗೈಯಷ್ಟು. ಆದರೆ ಸಂಜೆಯೊಳಗೆ ಮೊಬೈಲುಗಳಲ್ಲಿ ಹರಿದಾಡಿದ ಸುದ್ದಿಯಲ್ಲಿ ಆತ ದೊಡ್ಡ ಜಾಲದ ದಂಧೆಕೋರನಾಗಿದ್ದ. ಸಭೆಯಲ್ಲಿ ಸಮುದಾಯದ ಮಾನ ಹೋಯಿತೆಂಬ ಮಾತು ಬಂತು. ಬೇರೆ ಹುಡುಗರು ಕೆಡುತ್ತಾರೆಂಬ ಮಾತು ಬಂತು. ಆ ಕುಟುಂಬದ ಶುಭಾಶುಭ ಕಾರ್ಯಗಳಿಗೆ ಜಮಾಅತ್ ಸಹಕರಿಸಬಾರದು, ತಂದೆ ಲಿಖಿತ ಕ್ಷಮಾಪಣೆ ಕೊಡುವವರೆಗೆ ಮಗಳ ನಿಕಾಹ್‌ಗೆ ಅನುಮತಿ ಪತ್ರ ಕೊಡಬಾರದೆಂದು ನಿರ್ಣಯವಾಯಿತು. ಆತ ಮಾರುವವನೋ ಸೇದುವವನೋ ಎಂದು ಒಬ್ಬರೂ ಕೇಳಲಿಲ್ಲ. ತಂಗಿಯ ತಪ್ಪೇನೆಂದೂ ಕೇಳಲಿಲ್ಲ. ಕೇಳಬಹುದಾಗಿದ್ದವರಲ್ಲಿ ನಾವೂ ಒಬ್ಬರಿದ್ದೆವು. ನಾವು ಮೌನವಾಗಿದ್ದೆವು. ಮನೆಗೆ ಬಂದು, ಉಳಿದಿದ್ದ ಕೊನೆಯ ಕಂತನ್ನು ನೋಡಿ, ಬಾಲ್ಟಿಮೋರಿನ ಕಾಲ್ಪನಿಕ ವ್ಯಸನಿಗಾಗಿ ಕಣ್ಣೀರಿಟ್ಟೆವು.

ಕೆಲವು ದಿನಗಳ ಬಳಿಕ ಆ ಯುವಕನ ತಾಯಿ ನಮ್ಮ ಮನೆಯಂಗಳಕ್ಕೆ ಬಂದರು. "ಉಸ್ತಾದರೇ, ಅವನು ಕಳ್ಳನಲ್ಲ, ಕಾಯಿಲೆಯವನು. ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೂಂತ ಹೇಳುವವರು ಒಬ್ಬರೂ ಇಲ್ಲ" ಎಂದರು. ನಿರ್ಣಯದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆಸ್ಪತ್ರೆಯ ಹೆಸರನ್ನಷ್ಟೇ ಕೇಳಿದರು. ಆ ಕ್ಷಣ ನೆಲಮಾಳಿಗೆಯ ಬಾಗಿಲು ನಮಗೆ ನೆನಪಾಯಿತು. ಚಿಲಕ ಯಾರ ಕೈಯಲ್ಲಿತ್ತೆಂಬುದೂ ಅರ್ಥವಾಯಿತು.

ಪ್ರಿಯ ಓದುಗರೇ, ಇಲ್ಲಿ ನಮ್ಮ ಮಾತನ್ನು ತಪ್ಪಾಗಿ ಅರ್ಥೈಸಬಾರದು. ಅಮಲು ಪದಾರ್ಥ ಹರಾಮ್. ಅದನ್ನು ಮಾರಿ ಯುವಜನರ ಬದುಕು ಸುಡುವವನು ಸಮಾಜದ ಶತ್ರು. ಇದರಲ್ಲಿ ಎರಡು ಮಾತಿಲ್ಲ. ಮಾದಕ ವಸ್ತುವಿನ ಕೊಲ್ಲುವ ಶಕ್ತಿ ಧಾರಾವಾಹಿಯ ಪರದೆಗೆ ಸೀಮಿತವಾದುದಲ್ಲ. ಇದೇ ಧಾರಾವಾಹಿಯ ಅತಿ ಜನಪ್ರಿಯ ಪಾತ್ರವನ್ನು ನಿರ್ವಹಿಸಿದ ನಟ ಮೈಕಲ್ ಕೆ. ವಿಲಿಯಮ್ಸ್ 2021ರ ಸೆಪ್ಟೆಂಬರ್‌ನಲ್ಲಿ ಫೆಂಟನಿಲ್ ಬೆರೆತ ಮಾದಕದಿಂದಲೇ ಪ್ರಾಣ ಕಳೆದುಕೊಂಡರು. ತನ್ನ ವ್ಯಸನದ ವಿರುದ್ಧ ಅವರು ವರ್ಷಗಳ ಕಾಲ ಹೋರಾಡಿದ್ದರು. ಆದ್ದರಿಂದ ಕರುಣೆಯೆಂದರೆ ಕಣ್ಣುಮುಚ್ಚಿ ಸುಮ್ಮನಿರುವುದಲ್ಲ. ಧಾರಾವಾಹಿಯ ಮೂರನೆಯ ಭಾಗದಲ್ಲಿ ಕೋಲ್ವಿನ್ ಎಂಬ ಪೊಲೀಸ್ ಅಧಿಕಾರಿ ಜನವಾಸವಿಲ್ಲದ ಮೂರು ಪ್ರದೇಶಗಳಲ್ಲಿ ದಂಧೆಗೆ ಗುಟ್ಟಾಗಿ ಅವಕಾಶ ಕೊಡುತ್ತಾನೆ. ಉಳಿದ ಬೀದಿಗಳು ಶಾಂತವಾಗುತ್ತವೆ, ಆದರೆ ಆ ಮೂರು ಪ್ರದೇಶಗಳು ನರಕವಾಗುತ್ತವೆ. ಆಗ ಚರ್ಚಿನ ಹಿರಿಯನೊಬ್ಬ ಬಂದು, ಇಲ್ಲಿ ಕುಡಿಯುವ ನೀರೆಲ್ಲಿ, ಚಿಕಿತ್ಸೆಯೆಲ್ಲಿ ಎಂಬ ಅರ್ಥದಲ್ಲಿ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಹೊರಗಟ್ಟುವುದು ಪರಿಹಾರವಲ್ಲ, ಸುಮ್ಮನೆ ಬಿಟ್ಟುಬಿಡುವುದೂ ಪರಿಹಾರವಲ್ಲ.

ಆ ಹಿರಿಯನ ಪಾತ್ರ ಮಾಡಿದವರು ಯಾರು ಗೊತ್ತೇ? ಮೆಲ್ವಿನ್ ವಿಲಿಯಮ್ಸ್. ಒಂದು ಕಾಲದಲ್ಲಿ ಬಾಲ್ಟಿಮೋರಿನ ಹೆರಾಯಿನ್ ದಂಧೆಯ ಒಡೆಯರಾಗಿದ್ದವರು. 1984ರಲ್ಲಿ ಅವರ ಬಂಧನಕ್ಕೆ ಕಾರಣವಾದ ತನಿಖೆಯಲ್ಲಿದ್ದವರು ಇದೇ ಎಡ್ ಬರ್ನ್ಸ್! ದೀರ್ಘ ಜೈಲುವಾಸ ಮುಗಿಸಿ ಬಂದ ಆ ಮನುಷ್ಯನಿಗೆ, ಬಂಧಿಸಿದವನೂ ಅದನ್ನು ವರದಿ ಮಾಡಿದವನೂ ಸೇರಿ, ಊರಿಗೆ ಬುದ್ಧಿ ಹೇಳುವ ಹಿರಿಯನ ಪಾತ್ರವನ್ನು ಕೊಟ್ಟರು. ಅವರು 2015ರಲ್ಲಿ ತೀರಿಕೊಂಡರು. ತೌಬಾದ ಬಾಗಿಲು ಕೊನೆಯವರೆಗೂ ತೆರೆದಿರುತ್ತದೆಂದು ಮಿಂಬರಿನಿಂದ ಸಾರುವವರು ನಾವು. ಆದರೆ ಶಿಕ್ಷೆ ಮುಗಿಸಿ ಬಂದವನಿಗೆ ನಮ್ಮ ಜಮಾಅತ್‌ಗಳಲ್ಲಿ ಯಾವ ಪಾತ್ರವಿದೆ?

ಪ್ರವಾದಿ ಮುಹಮ್ಮದ್(ಸ)ರ ಮಾದರಿ ನಮ್ಮೆದುರಿಗಿದೆ. ಅವರ ಕಾಲದಲ್ಲಿ ಅಬ್ದುಲ್ಲಾ ಎಂಬ ವ್ಯಕ್ತಿಯೊಬ್ಬರಿದ್ದರು. ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದವರು, ಆದರೆ ಮದ್ಯದ ಚಟ ಬಿಡಲಾಗದವರು. ಅವರಿಗೆ ಅದಕ್ಕಾಗಿ ಶಿಕ್ಷೆಯೂ ಆಗಿತ್ತು. ಮತ್ತೊಮ್ಮೆ ಅದೇ ತಪ್ಪಿಗೆ ಕರೆತಂದು ಶಿಕ್ಷಿಸಿದಾಗ ಅಲ್ಲಿದ್ದ ಒಬ್ಬರು ಅವರನ್ನು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕನನ್ನೂ ಪ್ರೀತಿಸುವವನೆಂದು ಸಾಕ್ಷ್ಯ ನುಡಿದರು. ಬುಖಾರಿಯಲ್ಲಿರುವ ಈ ಹದೀಸನ್ನು ಮದ್ರಸಾದಲ್ಲಿ ಓದುವಾಗ ನಾವು ಅದನ್ನು ಶಿಕ್ಷೆಯ ಅಧ್ಯಾಯದಲ್ಲಿ ಓದಿದೆವು, ಶಿಕ್ಷೆಯ ಪ್ರಮಾಣದ ಚರ್ಚೆಯಲ್ಲಿ ಮುಳುಗಿದೆವು. ಇಂತಹುದೇ ಇನ್ನೊಂದು ಸಂದರ್ಭದಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗದಿರಿ ಎಂಬ ಅರ್ಥದ ಎಚ್ಚರಿಕೆಯನ್ನೂ ಅವರು(ಸ) ಕೊಟ್ಟಿದ್ದರು. ಇಲ್ಲಿ ಗಮನಿಸಬೇಕಾದುದೇನೆಂದರೆ, ಶಿಕ್ಷೆಯನ್ನು ಕೈಬಿಡಲಿಲ್ಲ, ಸಂಬಂಧವನ್ನೂ ಕೈಬಿಡಲಿಲ್ಲ. ನಾವಾದರೋ ಶಿಕ್ಷೆಯನ್ನು ಪೊಲೀಸರಿಗೆ ಬಿಟ್ಟು, ಸಂಬಂಧ ಕಡಿಯುವ ಕೆಲಸವನ್ನು ನಮ್ಮದಾಗಿಸಿಕೊಂಡಿದ್ದೇವೆ.

ಅಮೆರಿಕದ ಮಣ್ಣಿನಿಂದಲೇ ಇನ್ನೊಂದು ಉದಾಹರಣೆಯಿದೆ. ಮಾಲ್ಕಮ್ ಎಕ್ಸ್ 1946ರಲ್ಲಿ ಕಳ್ಳತನಕ್ಕಾಗಿ ಜೈಲು ಸೇರಿದಾಗ ಮಾದಕ ವ್ಯಸನಿಯಾಗಿದ್ದರು. ಆಗ ಅವರ ಒಡಹುಟ್ಟಿದವರು ಜೈಲಿಗೆ ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ಆ ಕಾಗದಗಳೇ ಅವರನ್ನು ಮೊದಲು 'ನೇಶನ್ ಆಫ್ ಇಸ್ಲಾಂ' ಸಂಘಟನೆಯ ಕಡೆಗೆ ತಂದವು. ಬಳಿಕ 1964ರ ಹಜ್ಜ್ ಯಾತ್ರೆ ಅವರಿಗೆ ವರ್ಣಭೇದವಿಲ್ಲದ ಇಸ್ಲಾಮಿನ ಪರಿಚಯ ಮಾಡಿಕೊಟ್ಟಿತು. ನಮ್ಮ ವೇದಿಕೆಗಳಲ್ಲಿ ಅವರ ಹೆಸರು ಹೇಳಿ ಹೆಮ್ಮೆಪಡುವವರು ಯೋಚಿಸಬೇಕು: ಆ ಒಡಹುಟ್ಟಿದವರ ಮೇಲೆ ಅಂದು ಯಾವುದಾದರೂ ಜಮಾಅತ್‌ನ ನಿರ್ಣಯವಿದ್ದಿದ್ದರೆ?

ಕರುಣೆಯ ವಿಷಯ ಹಾಗಿರಲಿ, ಕಾನೂನಿನ ಅರಿವಾದರೂ ನಮಗಿದೆಯೇ? 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಸೇವಿಸುವವನನ್ನೂ ದಂಧೆಕೋರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗಾಂಜಾದ ಮಟ್ಟಿಗೆ 1 ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೂ ಎರಡನೆಯದಕ್ಕೂ ಶಿಕ್ಷೆಯಲ್ಲಿ ಅಜಗಜಾಂತರವಿದೆ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ. ಅದೇ ಕಾಯ್ದೆಯ 64-ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಅವಕಾಶವಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ಅಂದರೆ ಕಠಿಣವೆಂದು ಹೆಸರಾದ ಈ ಕಾಯ್ದೆಯಲ್ಲಿಯೂ ಮೇಲೆ ಹತ್ತಿಬರಲು ಒಂದು ಮೆಟ್ಟಿಲನ್ನು ಇಟ್ಟಿದ್ದಾರೆ. ನಮ್ಮ ನಿರ್ಣಯಗಳಲ್ಲಿ ಅದೂ ಇಲ್ಲ.

ಸಮಸ್ಯೆ ಒಂದು ಸಮುದಾಯದ್ದಲ್ಲ ಎಂಬುದನ್ನೂ ನೆನಪಿಡಬೇಕು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯವನ್ನೂ, ಸುಮಾರು 3.1 ಕೋಟಿ ಜನರು ಗಾಂಜಾ, ಭಂಗಿಯಂತಹ ಪದಾರ್ಥಗಳನ್ನೂ ಸೇವಿಸುತ್ತಿದ್ದರು. ಕಾನೂನುಬಾಹಿರ ಮಾದಕಗಳಿಗೆ ದಾಸರಾದವರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 20ರಲ್ಲಿ ಒಬ್ಬರು ಮಾತ್ರ. ಉಳಿದ 19 ಮಂದಿ ಎಲ್ಲಿದ್ದಾರೆ? ಅವರಲ್ಲಿ ಅನೇಕರು ಇಂತಹದೇ ಬಾಗಿಲುಗಳ ಕೆಳಗೆ ಕುಳಿತಿರಬಹುದು. ಮನೆಯವರು ಮಾನಕ್ಕೆ ಅಂಜಿ ಮುಚ್ಚಿಡುತ್ತಾರೆ. ಮಾನ ತೆಗೆಯುವವರು ಯಾರು? ನಾವೇ. ಹೀಗೆ ನಮ್ಮ ಭಯದಿಂದ ರೋಗ ಮುಚ್ಚಿಹೋಗುತ್ತದೆ, ಮುಚ್ಚಿಹೋದ ರೋಗ ಇನ್ನೊಬ್ಬ ಹುಡುಗನಿಗೆ ಅಂಟುತ್ತದೆ. ಬೇರೆ ಮಕ್ಕಳನ್ನು ರಕ್ಷಿಸಲಿಕ್ಕೆಂದು ಮಾಡಿದ ನಿರ್ಣಯ ಅವರನ್ನೇ ಅಪಾಯಕ್ಕೆ ತಳ್ಳುತ್ತದೆ.

ಬಹಿಷ್ಕಾರದ ನಿರ್ಣಯಗಳ ಗುಟ್ಟೂ 'ದಿ ವೈರ್' ತೋರಿಸಿದ ಅಂಕಿಸಂಖ್ಯೆಯ ಗುಟ್ಟೇ ಆಗಿದೆ. ಏನನ್ನಾದರೂ ಮಾಡಿದಂತೆ ಕಾಣಬೇಕು. ವ್ಯಸನಿಯೊಬ್ಬನನ್ನು ಆರು ತಿಂಗಳು ಕೈಹಿಡಿದು ನಡೆಸುವುದು ಕಷ್ಟ, ದಾಖಲೆ ಪುಸ್ತಕದಲ್ಲಿ ಆರು ಸಾಲು ಬರೆಯುವುದು ಸುಲಭ. ಪಟ್ಟಣದ ವೃತ್ತದಲ್ಲಿ ಮಾದಕ ವಿರೋಧಿ ಫಲಕ ಕಟ್ಟಿ ಭಾವಚಿತ್ರ ತೆಗೆಸಿಕೊಳ್ಳುವುದು ಇನ್ನೂ ಸುಲಭ.

ಹಾಗಾದರೆ ಮಾಡಬೇಕಾದುದೇನು? ಅದಕ್ಕೆ ಲಕ್ಷಗಟ್ಟಲೆ ಹಣ ಬೇಕಿಲ್ಲ. ಪ್ರತಿ ಜಮಾಅತ್‌ನಲ್ಲಿ ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಹಿರಿಯರಿರಲಿ. ತಾಯಂದಿರು ಅಂಜದೆ ಬಂದು ಹೇಳಿಕೊಳ್ಳಲು ಒಬ್ಬ ಮಹಿಳೆಯೂ ಇರಲಿ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದ ಸಮಯ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ವಿವರ, ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಇಷ್ಟನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆಯಲಿ. ಬಂಧಿತನಾದವನಿಗೆ ವಕೀಲರು ಬೇಕಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದುಕೊಡಲು ಒಬ್ಬ ವಿದ್ಯಾವಂತ ಯುವಕ ಸಾಕು. ವರ್ಷಕ್ಕೊಮ್ಮೆ ಶಾಪದ ಖುತ್ಬಾ ಕೊಡುವ ಬದಲು ಒಮ್ಮೆ ವೈದ್ಯರೊಬ್ಬರನ್ನು ಕರೆಸಿ, ಮಗನ ವರ್ತನೆಯಲ್ಲಿ ಯಾವ ಬದಲಾವಣೆ ಕಂಡರೆ ಎಚ್ಚೆತ್ತುಕೊಳ್ಳಬೇಕೆಂದು ಹೆತ್ತವರಿಗೆ ತಿಳಿಸಲಿ. ಮಾರುವವನ ಬಗ್ಗೆ ಖಚಿತ ಮಾಹಿತಿಯಿದ್ದರೆ ಅದನ್ನು ಧೈರ್ಯದಿಂದ ಕಾನೂನಿನ ಕೈಗೆ ಒಪ್ಪಿಸಲಿ. ಆದರೆ ಸೇವಿಸುವವನನ್ನೂ ಮಾರುವವನನ್ನೂ ಬೇರೆಬೇರೆಯಾಗಿ ನೋಡುವ ಕಣ್ಣು ಮೊದಲು ನಮಗೆ ಬರಲಿ.

ಆ ಯುವಕನ ಕಥೆ ಏನಾಯಿತೆಂದು ಓದುಗರು ಕೇಳಬಹುದು. ನಾವು ಆ ತಾಯಿಯ ಜೊತೆ ಜಿಲ್ಲಾಸ್ಪತ್ರೆಗೆ ಹೋದೆವು. ಚಿಕಿತ್ಸೆ ಆರಂಭವಾಯಿತು. ಆತ ಎರಡು ಬಾರಿ ಮತ್ತೆ ಜಾರಿದ, ಎರಡು ಬಾರಿಯೂ ವೈದ್ಯರು ಬೈಯದೆ ಮತ್ತೆ ಸೇರಿಸಿಕೊಂಡರು. ಈಗ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾನೆ. ಪೂರ್ಣ ಗುಣವಾಗಿದ್ದಾನೆಂದು ಹೇಳುವ ಧೈರ್ಯ ನಮಗಿಲ್ಲ, ಅವನಿಗೂ ಇಲ್ಲ. ತಂಗಿಯ ನಿಕಾಹ್ ಬೇರೊಂದು ಊರಿನ ಮಸೀದಿಯಲ್ಲಿ, ಹತ್ತು ಜನರ ಸಮ್ಮುಖದಲ್ಲಿ ನಡೆಯಿತು. ಮಗ್ರಿಬ್‌ಗೆ ಆತ ಆಗಾಗ ಬರುತ್ತಾನೆ. ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಕಡೆಗೆ ನಿಲ್ಲುತ್ತಾನೆ, ಸಲಾಮ್ ಹೇಳಿದ ಕೂಡಲೇ ಎದ್ದು ಹೊರಟುಬಿಡುತ್ತಾನೆ.

ಅಂದಿನ ನಿರ್ಣಯ ಜಮಾಅತ್‌ನ ದಾಖಲೆ ಪುಸ್ತಕದಲ್ಲಿ ಇಂದಿಗೂ ಹಾಗೆಯೇ ಇದೆ. ಅದರ ಕೆಳಗೆ ಹಾಜರಿದ್ದವರ ಸಹಿಗಳಿವೆ. ಅವುಗಳಲ್ಲೊಂದು ನಮ್ಮದು. ಮುಂದಿನ ಮಹಾಸಭೆಯಲ್ಲಿ ಅದನ್ನು ರದ್ದುಪಡಿಸಬೇಕೆಂದು ನಾವು ಲಿಖಿತವಾಗಿ ಕೇಳಿಕೊಂಡಿದ್ದೇವೆ. ನಿಮ್ಮ ಜಮಾಅತ್‌ನ ದಾಖಲೆ ಪುಸ್ತಕದಲ್ಲಿಯೂ ಇಂತಹದೊಂದು ನಿರ್ಣಯವಿರಬಹುದು. ದಯವಿಟ್ಟು ಒಮ್ಮೆ ತೆರೆದು ನೋಡಿರಿ, ಅದರ ಕೆಳಗಿನ ಸಹಿಗಳನ್ನೂ ಓದಿರಿ.